ಹದಿನೆಂಟು ಎಂಬ ಒಂದೇ ಮಾತು

ಮೊನ್ನೆ ಸಾರಿನ ಪುಡಿಯ ಡಬ್ಬಿಯಲ್ಲಿ ಫಿರಂಗಿಯ ಚಕ್ರವೊಂದು ಸಿಕ್ಕಿತು. ನಿಮ್ಮ ಮನೆಯಲ್ಲಿ ಸಾರಿನ ಪುಡಿಯಲ್ಲಿ ಸಿಕ್ಕರೆ ಮೆಣಸಿನಕಾಯಿ ತೊಟ್ಟು ಸಿಗಬಹುದು, ಹೆಚ್ಚೆಂದರೆ ಬಳೆಯ ಚೂರು. ನಮ್ಮ ಮನೆಯ ಕಥೆ ಬೇರೆ. ಕಡಲೆಕಾಳಿಗಿಂತ ಕೊಂಚ ದೊಡ್ಡದು, ಬೂದು ಬಣ್ಣದ ಪ್ಲಾಸ್ಟಿಕ್ಕು, ಟೈರಿನ ಗೆರೆಗಳು ಕೂಡ ಅದರಲ್ಲಿ ಅಚ್ಚಾಗಿದ್ದವು. ಹೋದ ವರ್ಷವಾಗಿದ್ದರೆ ಅದನ್ನು ಸೌಟಿನ ಮೇಲಿಟ್ಟುಕೊಂಡು ನಮ್ಮ ಮನೆಯವರ ಮುಂದೆ ಹೋಗಿ ನಿಂತು, ಇವತ್ತು ಸಾರಿಗೆ ಜರ್ಮನ್ ಸೈನ್ಯವೂ ಬಿದ್ದಿದೆ, ಊಟಕ್ಕೆ ಏಳಿ ಎಂದು ಹಂಗಿಸುತ್ತಿದ್ದೆ. ಈ ಸಲ ಸುಮ್ಮನೆ ನಲ್ಲಿಯ ಕೆಳಗೆ ತೊಳೆದೆ, ಸೆರಗಿನಲ್ಲಿ ಒರೆಸಿದೆ, ಅವರ ಎಡಗೈಯಲ್ಲಿಟ್ಟೆ. ಬಲಗೈ ಈಗ ಕೆಲಸಕ್ಕೆ ಬರುವುದಿಲ್ಲ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿ, ‘ಹದಿನೆಂಟು’ ಎಂದರು.

ನನಗೆ ಅಲ್ಲೇ ಕೂತುಬಿಡಬೇಕು ಅನ್ನಿಸಿತು. ಯಾಕೆ ಎನ್ನುವುದಕ್ಕೆ ಸ್ವಲ್ಪ ಸುತ್ತು ಹಾಕಿಯೇ ಬರಬೇಕು, ತಾಳ್ಮೆಯಿರಲಿ.

ಈ ವರ್ಷ ಇಲ್ಲಿಯ ದೊಡ್ಡ ಮಳೆ ಮುಗಿಯುವ ಹೊತ್ತಿಗೆ, ಮೇ ತಿಂಗಳಲ್ಲಿ, ಇವರಿಗೆ ಪಾರ್ಶ್ವವಾಯು ಹೊಡೆಯಿತು. ಬೆಳಗಿನ ಕಾಫಿ ಕುಡಿಯುತ್ತಿದ್ದವರ ಲೋಟ ಜಾರಿತು, ತುಟಿ ಒಂದು ಕಡೆಗೆ ಎಳೆಯಿತು. ಆಸ್ಪತ್ರೆ, ಸ್ಕ್ಯಾನು, ಕಾಯುವುದು, ಇವೆಲ್ಲ ನಿಮಗೆ ಗೊತ್ತಿರುವುದೇ. ಜೀವ ಉಳಿಯಿತು. ಕಾಲು ಎಳೆದುಕೊಂಡು ನಡೆಯುವಷ್ಟು ಶಕ್ತಿಯೂ ಬಂತು. ಮಾತು ಮಾತ್ರ ಹೋಯಿತು. ಪೂರ್ತಿಯಾಗಿ ಹೋಗಿದ್ದರೆ ಹೇಗೋ ಒಗ್ಗಿಕೊಳ್ಳುತ್ತಿದ್ದೆನೇನೋ. ಒಂದೇ ಒಂದು ಮಾತು ಉಳಿಯಿತು, ಹದಿನೆಂಟು. ನೀರು ಬೇಕೆಂದರೂ ಅದೇ, ಬೆನ್ನು ನೋಯುತ್ತಿದೆ ಎಂದರೂ ಅದೇ. ಮಗಳು ಬಂದಾಗ ಖುಷಿಯಿಂದ ಅವಳ ಕೆನ್ನೆ ಸವರಿ ಹೇಳುವುದೂ ಅದನ್ನೇ. ದನಿಯ ಏರಿಳಿತ ನೋಡಿ ಅರ್ಥ ಮಾಡಿಕೊಳ್ಳುವುದನ್ನು ನಾನು ಕಲಿತೆ. ಎಳೆದು ಹೇಳಿದರೆ ಬಚ್ಚಲಿಗೆ ಹೋಗಬೇಕೆಂದು, ಮೊಟಕಾಗಿ ಹೇಳಿದರೆ ಟಿವಿ ಆರಿಸು ಎಂದು. ಬೇರೆ ಮಾತು ಹೊರಡಿಸಲು ಹೋಗಿ ಮತ್ತೆ ಅದೇ ಬಂದಾಗ ಅವರ ಕಣ್ಣಿನಲ್ಲಿ ನೀರು ತುಂಬುತ್ತದೆ. ಅದನ್ನು ನೋಡುವ ಕಷ್ಟಕ್ಕೆ ಮಾತ್ರ ನಾನು ಇನ್ನೂ ಒಗ್ಗಿಲ್ಲ.

ಬೇರೆ ಯಾವ ಸಂಖ್ಯೆಯೂ ಅಲ್ಲದೆ ಹದಿನೆಂಟೇ ಯಾಕೆ ಎಂದು ನೀವು ಕೇಳುತ್ತೀರಿ. ಅದಕ್ಕೆ ಇವರ ಹುಚ್ಚಿನ ಕಥೆ ಹೇಳಬೇಕು.

ಇವರು ಇಲ್ಲಿ ನೈರೋಬಿಯ ಔಷಧ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಎಂಜಿನಿಯರ್ ಆಗಿದ್ದವರು. ಮಾತ್ರೆಗಳನ್ನು ಪಟ್ಟಿಗೆ ತುಂಬುವ ಯಂತ್ರಗಳು ಕೆಟ್ಟರೆ ಇವರನ್ನೇ ಕರೆಯಬೇಕು. ಮಗಳು ಮೇಘಾ ಸಣ್ಣವಳಿದ್ದಾಗ ಅವಳಿಗೊಂದು ಗೊಂಬೆ ತರುತ್ತೇನೆಂದು ಊರ ನಡುವಿನ ಪೇಟೆ ಸಿಬಿಡಿಗೆ ಹೋದವರು ಯಾವುದೋ ಹಳೆಯ ಅಂಗಡಿಯ ಮೂಲೆಯಲ್ಲಿ ಕಂಡ ಪ್ಲಾಸ್ಟಿಕ್ ಫಿರಂಗಿಯ ಕಿಟ್ ಹೊತ್ತು ತಂದರು. ಬಿಡಿಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ಜೋಡಿಸುವ ಆಟಿಕೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ವಿಮಾನ ಹೊಡೆಯಲು ಬಳಸುತ್ತಿದ್ದ ಫಿರಂಗಿ ಅದು. ಮಗಳು ಅತ್ತಳು. ಇವರು ಊಟದ ಮೇಜಿನ ಅರ್ಧ ಭಾಗವನ್ನು ಅಂದೇ ವಶಪಡಿಸಿಕೊಂಡರು, ಆಮೇಲೆ ಬಿಟ್ಟುಕೊಡಲೇ ಇಲ್ಲ. ಊರಿನಿಂದ ಬರುವ ನೆಂಟರ ಬಳಿ ಬೇರೆಯವರು ಉಪ್ಪಿನಕಾಯಿ, ಹಪ್ಪಳ ತರಿಸಿಕೊಂಡರೆ ಇವರು ಮೂರು ಕೂದಲಿನ ಬ್ರಷ್ಷು ತರಿಸಿಕೊಂಡರು. ನನ್ನ ಅಡುಗೆಮನೆಯ ಖಾಲಿ ಡಬ್ಬಿಗಳೆಲ್ಲ ಫಿರಂಗಿಯ ಬಿಡಿಭಾಗ ತುಂಬಲು ಹೋದವು. ಕೆಲಸಕ್ಕೆ ಬರುವ ಮರ್ಸಿ ಅವುಗಳನ್ನು ತೊಳೆದು ಮತ್ತೆ ಅಡುಗೆಮನೆಗೆ ತಂದಿಡುತ್ತಿದ್ದಳು. ಸಾರಿನ ಪುಡಿಗೆ ಚಕ್ರ ಬಂದ ದಾರಿ ಇದು.

ನಾನು ಇಲ್ಲಿಯ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವಳು. ಸಂಜೆ ಮಕ್ಕಳ ನಕಾಶೆ ತಿದ್ದುತ್ತಾ ಮೇಜಿನ ಈ ಕಡೆ ಕೂತರೆ ಆ ಕಡೆಯಿಂದ ಪಾಠ ಶುರುವಾಗುತ್ತಿತ್ತು. ಹಾಗಾಗಿ ಬೇಕೋ ಬೇಡವೋ ನನಗೆ ಈ ಫಿರಂಗಿಗಳ ಕುಲಗೋತ್ರವೆಲ್ಲ ತಿಳಿಯಿತು. ಫ್ಲಾಕ್ ಎಂಬ ಹೆಸರು ವಿಮಾನ ತಡೆಯುವ ಫಿರಂಗಿ ಎನ್ನುವ ಮಾರುದ್ದದ ಜರ್ಮನ್ ಪದವನ್ನು ಕತ್ತರಿಸಿ ಮಾಡಿದ್ದು. ಮೊದಲನೆಯ ಯುದ್ಧದಲ್ಲಿ ಸೋತ ಮೇಲೆ ಜರ್ಮನಿ ಇಂಥವನ್ನು ಮಾಡಕೂಡದೆಂದು ಗೆದ್ದವರು ಕಟ್ಟು ಹಾಕಿದ್ದರು. ಅಲ್ಲಿನ ಎಂಜಿನಿಯರುಗಳು ಸದ್ದಿಲ್ಲದೆ ಸ್ವೀಡನ್ನಿಗೆ ಹೋಗಿ, ಅಲ್ಲಿನ ಕಾರ್ಖಾನೆಯವರ ಜತೆ ಕೂತು ಹೊಸ ಫಿರಂಗಿಯ ನಕ್ಷೆ ಹಾಕಿದರು. ಮೊದಲು ಹಾಕಿದ್ದು ಸಣ್ಣ ಬಾಯಿಯದು. ಸೈನ್ಯದವರು ಅದು ಸಾಲದು ಎಂದರು. ಕೊನೆಗೆ ಎಂಟು ಪಾಯಿಂಟ್ ಎಂಟು ಸೆಂಟಿಮೀಟರ್ ಬಾಯಿಯದು ಒಪ್ಪಿಗೆಯಾಯಿತು. ಸೈನಿಕರು ಅದನ್ನು ಎಂಟೆಂಟು ಎಂದೇ ಕರೆಯುತ್ತಿದ್ದರು. ಆದರೆ ಕಾಗದದ ಮೇಲೆ ಒಂದು ಹೆಸರು ಬೇಕಲ್ಲ. ಹುಟ್ಟಿದ ವರ್ಷವನ್ನು ಹೆಸರಿನ ಮುಂದೆ ಹಾಕುವುದು ಅವರ ಪದ್ಧತಿ. ನಿಜವಾದ ವರ್ಷ ಹಾಕಿದರೆ ಕದ್ದು ಮಾಡಿದ್ದು ಜಗಜ್ಜಾಹೀರಾಗುತ್ತದೆ. ಅದಕ್ಕೆ ಫ್ಲಾಕ್ ಹದಿನೆಂಟು ಎಂದಿಟ್ಟರು. ಇದು ಸಾವಿರದ ಒಂಬೈನೂರ ಹದಿನೆಂಟರದು, ಹಳೇ ಯುದ್ಧದ ಮಾಲು, ಹೊಸದಾಗಿ ನಾವೇನೂ ಮಾಡಿಲ್ಲ ಎಂದು ನಂಬಿಸಲು.

ಈ ಸುಳ್ಳು ಇವರಿಗೆ ಎಷ್ಟು ಇಷ್ಟವೆಂದರೆ ಮನೆಗೆ ಬಂದವರಿಗೆಲ್ಲ ಕಾಫಿಗೆ ಮುಂಚೆ ಇದನ್ನೇ ಬಡಿಸುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ‘ನಾನೂ ಫ್ಲಾಕ್ ಹದಿನೆಂಟೇ ಕಣೇ. ನನ್ನ ಡೇಟ್ ಆಫ್ ಬರ್ತೂ ಡುಪ್ಲಿಕೇಟು,’ ಎನ್ನುತ್ತಿದ್ದರು. ನಮ್ಮ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಹೆಡ್‌ಮಾಸ್ತರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು. ಬೆರಳು ಕಿವಿಗೆ ತಾಗಿತು. ಜೂನ್ ಒಂದನೇ ತಾರೀಕು ಎಂದು ಬರೆದುಕೊಂಡರು, ಮುಗಿಯಿತು. ಹೆತ್ತ ತಾಯಿ ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹೆತ್ತದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಕಾರ್ಖಾನೆಯವರು ಪ್ರತಿ ಜೂನ್ ಒಂದಕ್ಕೆ ಕೇಕ್ ತರಿಸುತ್ತಿದ್ದರು. ಇವರು ಬೇರೆ ಯಾರದೋ ಹುಟ್ಟುಹಬ್ಬಕ್ಕೆ ಹೋದವರ ಹಾಗೆ ಸಂಕೋಚದಿಂದ ಒಂದು ತುಂಡು ತಿಂದು ಬರುತ್ತಿದ್ದರು.

ಹದಿನೆಂಟರ ನಂತರ ಮೂವತ್ತಾರು ಬಂತು. ಗುಂಡು ಹಾರಿಸಿ ಹಾರಿಸಿ ನಳಿಗೆಯ ಒಳಭಾಗ ಸವೆಯುತ್ತದಂತೆ. ಸವೆದರೆ ಇಡೀ ನಳಿಗೆಯನ್ನೇ ಎಸೆಯಬೇಕೇ? ಅದನ್ನು ತುಂಡುಗಳಾಗಿ ಮಾಡಿ, ಸವೆದ ತುಂಡನ್ನು ಮಾತ್ರ ಬದಲಾಯಿಸಿದರು. ಇದನ್ನು ಹೇಳುವಾಗ ಇವರ ಮುಖ ಅರಳುತ್ತಿತ್ತು. ಬಿಡಿಭಾಗ ಬದಲಾಯಿಸಿ ಯಂತ್ರ ಉಳಿಸುವುದೇ ಜೀವನವೆಂದುಕೊಂಡ ಮನುಷ್ಯ. ಮೂವತ್ತೇಳರಲ್ಲಿ ಗಡಿಯಾರದಂಥ ಮುಖವೊಂದನ್ನು ಕೂಡಿಸಿದರು. ದೂರದಲ್ಲಿರುವ ಲೆಕ್ಕದ ಯಂತ್ರ ಒಂದು ಮುಳ್ಳನ್ನು ತಿರುಗಿಸುತ್ತದೆ, ಫಿರಂಗಿಯವನು ತನ್ನ ಮುಳ್ಳನ್ನು ಅದಕ್ಕೆ ಸರಿಯಾಗಿ ನಿಲ್ಲಿಸಿದರೆ ಸಾಕು, ಆಕಾಶ ನೋಡುವ ಅಗತ್ಯವೇ ಇಲ್ಲ. ನಲವತ್ತೊಂದು ಎಂಬುದು ಎಲ್ಲಕ್ಕಿಂತ ಬಲಶಾಲಿ, ಉದ್ದ ನಳಿಗೆಯದು. ಆದರೆ ಹೊಡೆದ ಮೇಲೆ ಖಾಲಿ ತೋಟೆ ಒಳಗೇ ಸಿಕ್ಕಿಕೊಳ್ಳುತ್ತಿತ್ತಂತೆ. ಅದು ಹೊರಬರದೆ ಮುಂದಿನದು ಒಳಗೆ ಹೋಗುವುದಿಲ್ಲ. ಆಗ ನಾನು ಇದನ್ನು ಅರ್ಧ ಕಿವಿಯಲ್ಲಿ ಕೇಳಿದ್ದೆ. ಈಗ ಇವರು ಬಾಯಿ ತೆರೆದು, ಕತ್ತಿನ ನರ ಉಬ್ಬಿಸಿ, ಮತ್ತೆ ಹದಿನೆಂಟು ಎಂದು ಸೋತು ಕೂತಾಗೆಲ್ಲ ನಲವತ್ತೊಂದರ ತೋಟೆ ನೆನಪಾಗುತ್ತದೆ.

ಒಂದೇ ಒಂದು ವಿಷಯಕ್ಕೆ ನಮ್ಮಲ್ಲಿ ಜಗಳವಾಗುತ್ತಿತ್ತು. ಮೇಲಕ್ಕೆ ಹಾರಿಸಿದ ಗುಂಡಿನ ಚೂರುಗಳು ಎಲ್ಲಿ ಬೀಳುತ್ತಿದ್ದವು ಎಂದು ನಾನು ಕೇಳುತ್ತಿದ್ದೆ. ಭೂಗೋಳ ಕಲಿಸುವವಳಿಗೆ ನೆಲದ ಮೇಲೆ ಯಾರಿದ್ದರು ಎಂಬುದೇ ಮುಖ್ಯ. ಚೂರುಗಳು ಅವರದೇ ಊರಿನ ಮೇಲೆ, ಅವರದೇ ಮನೆಗಳ ಮೇಲೆ ಬೀಳುತ್ತಿದ್ದವು. ವಿಮಾನಕ್ಕೆಂದು ಮಾಡಿದ್ದನ್ನು ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಅಡ್ಡಕ್ಕೆ ತಿರುಗಿಸಿ ಟ್ಯಾಂಕಿನೊಳಗಿದ್ದವರನ್ನು ಸುಟ್ಟರು. ಯುದ್ಧದ ಕೊನೆಗೆ ಇವನ್ನು ನಡೆಸಲು ದೊಡ್ಡವರು ಸಿಗದೆ ಶಾಲೆಯ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದರು. ಇಷ್ಟೆಲ್ಲ ಗೊತ್ತಿದ್ದೂ ಇಂಥದ್ದಕ್ಕೆ ಬಣ್ಣ ಹಚ್ಚಲು ಕೈ ಹೇಗೆ ಬರುತ್ತದೆ ಎಂದರೆ ಇವರು ಬ್ರಷ್ಷನ್ನು ಎಣ್ಣೆಯಲ್ಲಿ ಅದ್ದಿ ಒರೆಸುತ್ತಾ ಬಹಳ ಹೊತ್ತು ಸುಮ್ಮನಿರುತ್ತಿದ್ದರು. ನನಗೆ ಆ ಮೌನ ಆಗಲೂ ಇಷ್ಟವಾಗುತ್ತಿರಲಿಲ್ಲ. ಈಗಿನ ಮೌನದ ಮುಂದೆ ಅದು ಎಷ್ಟೋ ವಾಸಿಯಾಗಿತ್ತು.

ಚಕ್ರದ ವಿಷಯಕ್ಕೆ ಬರುತ್ತೇನೆ. ಫ್ಲಾಕ್ ಹದಿನೆಂಟನ್ನು ಎಳೆಯುವ ಗಾಡಿಗೆ ಮುಂದೆ ಒಂಟಿ ಚಕ್ರ, ಹಿಂದೆ ಜೋಡಿ. ಮೂವತ್ತಾರಕ್ಕೆ ಎರಡೂ ಕಡೆ ಜೋಡಿ. ಇವರು ಎರಡನ್ನೂ ಮಾಡಿದ್ದರು. ಡಬ್ಬಿಯಲ್ಲಿ ಸಿಕ್ಕಿದ್ದು ಒಂಟಿ ಚಕ್ರ. ಹಾಗಾದರೆ ಇವರು ಅದನ್ನು ಗುರುತು ಹಿಡಿದು ಹದಿನೆಂಟು ಎಂದರೋ? ಅಥವಾ ಕಡಲೆಕಾಳು ಕೊಟ್ಟಿದ್ದರೂ ಅದನ್ನೇ ಹೇಳುತ್ತಿದ್ದರೋ? ಜೋಡಿಯಿಂದ ಕಿತ್ತು ಬಂದಿದ್ದರೆ ಅಂಟಿನ ಕಲೆ ಇರಬೇಕೆಂದು ಕನ್ನಡಕ ಹಾಕಿಕೊಂಡು ಹುಡುಕಿದೆ. ಕಲೆಯಂಥದೇನೋ ಇತ್ತು, ಸಾರಿನ ಪುಡಿಯೂ ಇರಬಹುದು. ಹೇಳಿದ ಮಾತು ಸರಿಯಾಗಿದ್ದ ಒಂದೇ ಒಂದು ಸಲವೂ ಅದು ಸರಿಯೆಂದು ತಿಳಿಯುವ ಉಪಾಯ ನನಗಿರಲಿಲ್ಲ.

ಮಾತು ಕಲಿಸುವ ಅಕಿನ್ಯಿ ಎಂಬ ಹುಡುಗಿಯ ಮುಂದೆ ಇದನ್ನು ಹೇಳಿದೆ. ಹರ್ಲಿಂಗ್‌ಹ್ಯಾಮಿನಲ್ಲಿ ಅವಳ ಕ್ಲಿನಿಕ್ಕು, ವಾರಕ್ಕೆರಡು ಸಲ ಇವರನ್ನು ಕರೆದುಕೊಂಡು ಹೋಗುತ್ತೇನೆ. ಒಳ್ಳೆಯ ಹುಡುಗಿ, ಸುಳ್ಳು ಭರವಸೆ ಕೊಡುವುದಿಲ್ಲ. ಆ ಮಾತಿಗೆ ಅರ್ಥ ಕಟ್ಟಲು ಹೋಗಬೇಡಿ ಎಂದಳು. ಇಂಥವರಲ್ಲಿ ಕೆಲವರಿಗೆ ಒಂದು ಮಾತು ಹಾಗೆ ಸಿಕ್ಕಿಕೊಂಡು ಉಳಿಯುತ್ತದೆ, ಅದೇ ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಅವಳು ಲೋಟ, ಕುರ್ಚಿ, ಬಾಳೆಹಣ್ಣಿನ ಚಿತ್ರ ತೋರಿಸುತ್ತಾಳೆ. ಇವರು ಪ್ರತಿಯೊಂದಕ್ಕೂ ಶ್ರದ್ಧೆಯಿಂದ ಹದಿನೆಂಟು ಎಂದು ಉತ್ತರಿಸುತ್ತಾರೆ. ವಾಪಸು ಬರುವಾಗ ಟ್ರಾಫಿಕ್ಕಿನಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳು ಹಾಡು ಹಾಕಿಕೊಂಡು ನಮ್ಮನ್ನು ಒತ್ತರಿಸಿ ಹೋಗುತ್ತವೆ. ಅವುಗಳ ಮೈಮೇಲೆ ಬರೆದ ಚಿತ್ರವಿಚಿತ್ರ ಹೆಸರುಗಳನ್ನು ಗಟ್ಟಿಯಾಗಿ ಓದಿ ನಗುವುದು ಇವರ ಅಭ್ಯಾಸವಾಗಿತ್ತು. ಈಗಲೂ ತಲೆ ತಿರುಗಿಸಿ ನೋಡುತ್ತಾರೆ, ತುಟಿ ಅಲುಗುತ್ತದೆ. ನಾನು ರಸ್ತೆಯ ಇನ್ನೊಂದು ಬದಿ ನೋಡುತ್ತೇನೆ.

ಹೋದ ತಿಂಗಳು ಅಕಿನ್ಯಿ ಹೊಸ ವಿಚಾರ ತೆಗೆದಳು. ಎಷ್ಟೇ ಮಾತು ಹೋದರೂ ಸಾಮಾನ್ಯವಾಗಿ ಸ್ವಂತ ಹೆಸರು ಮನುಷ್ಯನ ಒಳಗೆ ಉಳಿದಿರುತ್ತದಂತೆ. ಅದು ಇದ್ದರೆ ಅಲ್ಲಿಂದ ಹಿಡಿದು ಮೇಲೆ ಕಟ್ಟಬಹುದು. ಅವಳೇ ಇವರ ಹೆಸರು ಕರೆದು ನೋಡಿದ್ದಳು, ಇವರು ತಿರುಗಲಿಲ್ಲ. ಹೆಸರೇ ಅಳಿಸಿಹೋಗಿದೆಯೋ ಅಥವಾ ತನ್ನ ಉಚ್ಚಾರಣೆ ಅವರಿಗೆ ಗೊತ್ತಾಗಲಿಲ್ಲವೋ ಎಂದು ಅವಳಿಗೆ ಅನುಮಾನ. ಪರಿಚಯದ ದನಿಯಲ್ಲಿ, ಮನೆಯ ಭಾಷೆಯಲ್ಲಿ ಕರೆದರೆ ತಿಳಿಯುತ್ತದೆ, ನೀವು ಕರೆಯಿರಿ ಎಂದಳು. ನಾನು ಇವರ ಹೆಸರು ಹಿಡಿದು ಕರೆಯುವುದಿಲ್ಲ ಎಂದೆ. ಮತ್ತೆ ಏನೆಂದು ಕರೆಯುತ್ತೀರಿ ಎಂದು ಕೇಳಿದಳು. ‘ರೀ’ ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಬೆವತೆ. ಅವಳು ನನ್ನನ್ನು ಮರುಕದಿಂದ ನೋಡಿದಳು. ಗಂಡ ಹೆಂಡತಿಗೆ ಮೊದಲೇ ಮಾತುಕತೆ ನಿಂತಿತ್ತೆಂದು ತಿಳಿದುಕೊಂಡಳೋ ಏನೋ.

ಇದನ್ನು ನಾನು ತೊಟ್ಟಿಲಿನಿಂದಲೇ ಕಲಿತು ಬಂದವಳು. ನಮ್ಮ ದೊಡ್ಡಮ್ಮನ ಗಂಡನ ಹೆಸರು ಗೋವಿಂದಪ್ಪ. ಭಜನೆಯಲ್ಲಿ ಎಲ್ಲರೂ ಗೋವಿಂದ ಗೋವಿಂದ ಎಂದು ಕೂಗುವಾಗ ದೊಡ್ಡಮ್ಮ ಬಾಯಿ ಮುಚ್ಚಿಕೊಂಡು ತಾಳ ಮಾತ್ರ ಹಾಕುತ್ತಿದ್ದಳು. ನನ್ನ ಮದುವೆಯ ಉರುಟಣೆಯಲ್ಲಿ ಎಲ್ಲರ ಕಾಟಕ್ಕೆ ಒಮ್ಮೆ ಇವರ ಹೆಸರನ್ನು ಹಾಡಿನ ಸಾಲಿನಲ್ಲಿ ಸೇರಿಸಿ ಗೊಣಗಿದ್ದೆ. ಅದೇ ಮೊದಲು, ಅದೇ ಕೊನೆ. ನೈರೋಬಿಗೆ ಬಂದು, ಕೆಲಸ ಮಾಡಿ, ಕಾರು ಓಡಿಸಿ, ಪ್ರಪಂಚದ ರಾಜಧಾನಿಗಳ ಹೆಸರನ್ನೆಲ್ಲ ತರಗತಿಯಲ್ಲಿ ಕೂಗಿ ಹೇಳಿಸಿದವಳು, ಬ್ಯಾಂಕಿನ ಹುಡುಗಿ ಗಂಡನ ಹೆಸರೇನು ಎಂದರೆ ಪಾಸ್‌ಪೋರ್ಟ್ ಮುಂದೆ ತಳ್ಳುತ್ತಿದ್ದೆ. ಹೆದರಿಕೆಯಲ್ಲ, ಭಕ್ತಿಯಂತೂ ಅಲ್ಲವೇ ಅಲ್ಲ. ನಾಲಿಗೆ ಆ ಕಡೆ ಹೊರಳುತ್ತಿರಲಿಲ್ಲ ಅಷ್ಟೆ.

ಮೇಘಾಗೆ ಇದು ಅರ್ಥವೇ ಆಗುವುದಿಲ್ಲ. ಇಲ್ಲೇ ಬೆಳೆದವಳು, ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸ್ಪ್ರಿಂಗ್ ವ್ಯಾಲಿಯ ತನ್ನ ಮನೆಯಿಂದ ಭಾನುವಾರ ಬಂದವಳು ಅಪ್ಪನ ಉಗುರು ಕತ್ತರಿಸುತ್ತಾ, ‘ಅಮ್ಮಾ, ಪ್ಲೀಸ್, ಜಸ್ಟ್ ಸೇ ಇಟ್. ವಾಟ್ ಆರ್ ಯೂ ವೇಟಿಂಗ್ ಫಾರ್?’ ಎಂದಳು.

‘ನೀನೇ ಕರಿ,’ ಎಂದೆ.

‘ಐ ಕಾಂಟ್. ಹಿ ಈಸ್ ಅಪ್ಪ.’

ಅವಳಿಗೂ ನಾಲಿಗೆ ಹೊರಳಲಿಲ್ಲ. ಆಗ ನಾನು ಲೆಕ್ಕ ಹಾಕಿ ನೋಡಿದೆ. ಮಗಳಿಗೆ ಇವರು ಅಪ್ಪ. ಮರ್ಸಿಗೆ ಬಾಬಾ. ಕಾರ್ಖಾನೆಯವರಿಗೆ ಮಿಸ್ಟರ್ ರಾಮ್, ಕನ್ನಡ ಸಂಘದವರಿಗೆ ಸರ್. ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವರು ಇವರ ಅಮ್ಮ, ಮತ್ತೆ ಊರಿನಿಂದ ಯಾವಾಗಲೋ ಬರುವ ಹಳೆಯ ಗೆಳೆಯರು. ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ಗೆಳೆಯರು ಬರುವುದೂ ನಿಂತಿತು. ಈ ದೊಡ್ಡ ಊರಿನಲ್ಲಿ ಇವರ ಹೆಸರನ್ನು ಸರಿಯಾಗಿ ಹೇಳಬಲ್ಲವಳು ನಾನೊಬ್ಬಳೇ, ನಾನು ಹೇಳುವವಳಲ್ಲ.

ನಾಚಿಕೆಯಿಂದ ತಡ ಮಾಡುತ್ತಿದ್ದೇನೆ ಎಂದು ಮಗಳು ತಿಳಿದಿದ್ದಳು. ನಾಚಿಕೆ ಸ್ವಲ್ಪ ಇತ್ತು, ಇಲ್ಲವೆನ್ನುವುದಿಲ್ಲ. ಹೆಚ್ಚಿಗೆ ಇದ್ದದ್ದು ಭಯ. ಕರೆದಾಗ ಇವರು ತಿರುಗದೆ ಹೋದರೆ? ತಮ್ಮ ಹೆಸರೇ ತಮಗೆ ಗೊತ್ತಿಲ್ಲದವರ ಜತೆ ನಾನು ಮನೆಯಲ್ಲಿದ್ದೇನೆ ಎಂದು ಖಾತ್ರಿಯಾಗುತ್ತದೆ. ಕರೆಯದೆ ಇರುವವರೆಗೂ ಅದು ಒಳಗೆ ಇದೆ ಎಂದುಕೊಳ್ಳಬಹುದು. ಹಾಗೆ ಅಂದುಕೊಂಡೇ ಇಡೀ ತಿಂಗಳು ದೂಡಿದೆ. ಅಕಿನ್ಯಿ ಕೇಳಿದಾಗೆಲ್ಲ ನಾಳೆ ಎಂದೆ. ಡಾಕ್ಟರು ಬೇರೆ, ಮಾತು ವಾಪಸು ಬರುವುದಿದ್ದರೆ ಈ ಮೊದಲ ತಿಂಗಳುಗಳಲ್ಲೇ ಹೆಚ್ಚು, ಆಮೇಲೆ ಕಷ್ಟ ಎಂದಿದ್ದರು.

ನಿನ್ನೆ ಮಧ್ಯಾಹ್ನ ಮರ್ಸಿ ರಜೆಯಲ್ಲಿದ್ದಳು. ಇಲ್ಲಿಯ ಜುಲೈ ತಿಂಗಳು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ, ಮಳೆಯೂ ಬರುವುದಿಲ್ಲ, ಬಿಸಿಲೂ ಇಲ್ಲ, ಬೆಳಗಿನಿಂದ ಸಂಜೆಯವರೆಗೆ ಒಂದೇ ಮಂಕು. ಇವರು ಕಿಟಕಿಯ ಹತ್ತಿರ ಶಾಲು ಹೊದ್ದು ಕೂತಿದ್ದರು. ನಾನು ಅವರ ಹಿಂದೆ, ಸ್ವಲ್ಪ ಪಕ್ಕಕ್ಕೆ, ಒಗೆದ ಬಟ್ಟೆ ಮಡಿಸುತ್ತಾ ನಿಂತಿದ್ದೆ. ಎದುರಿಗೆ ನಿಂತು ಕರೆಯುವ ಧೈರ್ಯ ನನಗೆ ಯಾವ ಕಾಲಕ್ಕೂ ಬರುವುದಿಲ್ಲವೆಂದು ಗೊತ್ತಾಗಿತ್ತು. ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟೆ. ಗಂಟಲು ಸರಿಮಾಡಿಕೊಂಡೆ. ಅಕ್ಷರ ಅಕ್ಷರವಾಗಿ, ಸ್ಪಷ್ಟವಾಗಿ ಹೇಳಿದೆ.

‘ಅನಂತರಾಮು.’

ಇವರ ತಲೆ ತಟ್ಟನೆ ಎದ್ದಿತು. ಕೇಳಿಸಿತ್ತು, ತಿಳಿದೂ ಇತ್ತು. ಕಾಯಿಲೆ ಬಿದ್ದ ಮೇಲೆ ಆ ಮುಖದಲ್ಲಿ ಅಂಥ ಬೆಳಕನ್ನು ನಾನು ನೋಡಿರಲಿಲ್ಲ. ಹೆಸರು ಒಳಗೆ ಹಾಗೇ ಇತ್ತು. ಇವರು ತಿರುಗುತ್ತಾರೆಂದು ಕಾದೆ.

ತಿರುಗಿದರು, ನನ್ನ ಕಡೆಗಲ್ಲ. ಮುಂಬಾಗಿಲ ಕಡೆ ನೋಡಿದರು. ಊರಿನಿಂದ ಯಾರೋ ಬಂದಿದ್ದಾರೆ, ಹೊರಗೆ ನಿಂತು ಕರೆಯುತ್ತಿದ್ದಾರೆ ಎಂದುಕೊಂಡಿರಬೇಕು. ಶಾಲು ಸರಿಮಾಡಿಕೊಂಡರು. ಎಡಗೈಯನ್ನು ಕಷ್ಟಪಟ್ಟು ಎತ್ತಿ, ಬಂದವರಿಗೆ ಎದುರಿನ ಕುರ್ಚಿ ತೋರಿಸಿದರು. ಬಾಗಿಲು ಹಾಕಿಯೇ ಇತ್ತು. ನಾನು ಸುತ್ತಿ ಹೋಗಿ ಆ ಕುರ್ಚಿಯಲ್ಲಿ ಕೂತೆ. ಅವರು ನನ್ನ ಭುಜದ ಪಕ್ಕದಿಂದ ಬಾಗಿಲನ್ನೇ ನೋಡುತ್ತಿದ್ದರು.